ಕಪ್ಪು ಕನ್ನಡಕದ ದಿನಗಳಲ್ಲಿ ನನ್ನ ಕೋಟೆ

ಕೇಳಿದ ಮಾತನ್ನು ಕೇಳಿದಂತೆಯೇ ನಂಬುವ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಇಲ್ಲ. ಇದನ್ನು ನಾನು ಗುಣವೆಂದು ತಿಳಿದಿದ್ದೇನೆ. ನನ್ನ ಹೆಂಡತಿ ಗೌರಮ್ಮ ಕಾಯಿಲೆಯೆಂದು ತಿಳಿದಿದ್ದಾಳೆ. ನಮ್ಮ ದಾಂಪತ್ಯ ಈ ಭಿನ್ನಾಭಿಪ್ರಾಯದ ಮೇಲೆಯೇ ಭದ್ರವಾಗಿ ನಿಂತಿದೆ. ನಮ್ಮ ತುಮಕೂರು ಸೀಮೆಯಲ್ಲಿ ಯಾವ ಕೆರೆಯ ಏರಿಯ ಮೇಲೆ ನಿಂತು ವಿಚಾರಿಸಿದರೂ ಅದನ್ನು ಒಂದೇ ರಾತ್ರಿಯಲ್ಲಿ ಕಟ್ಟಿದರು ಎನ್ನುತ್ತಾರೆ. ಕಡಬದ ಕೆರೆಯ ಬಳಿ ಇಂಥದ್ದೇ ಕಥೆ ಹೇಳುತ್ತಿದ್ದ ಹಿರಿಯರೊಬ್ಬರನ್ನು ಬಾಲಕನಾಗಿದ್ದ ನಾನು, “ಅಷ್ಟು ಮಣ್ಣು ಹೊತ್ತವರಿಗೆಲ್ಲ ಆ ರಾತ್ರಿ ಮುದ್ದೆ ತಿರುವಿದವರು ಯಾರು?” ಎಂದು ಕೇಳಿ ಕಪಾಳಕ್ಕೆ ತಿಂದಿದ್ದೆ. ಏಟು ಉತ್ತರವಲ್ಲ ಎಂಬ ತಿಳಿವಳಿಕೆ ನನಗೆ ಅಂದೇ ಬಂತು. ಏಳನೆಯ ತರಗತಿಗೆ ಶಾಲೆಯನ್ನು ಬಿಟ್ಟವನು ನಾನು. ಬಿಟ್ಟ ಮೇಲೆ ಓದಿದ್ದೇ ಹೆಚ್ಚು. ಕಡಲೆಕಾಯಿ ಕಟ್ಟಿಕೊಟ್ಟ ಕಾಗದದಿಂದ ಹಿಡಿದು ಹಳೆಯ ಪುಸ್ತಕದಂಗಡಿಯ ವಿಶ್ವಕೋಶದ ಬಿಡಿ ಸಂಪುಟಗಳವರೆಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಸಂಪುಟಗಳು ಪೂರ್ತಿ ಸಿಗದಿದ್ದುದರಿಂದ ನನಗೆ ‘ಚ’ಕಾರದಿಂದ ‘ದ’ಕಾರದವರೆಗಿನ ಲೋಕಜ್ಞಾನ ಬಹಳ ಗಟ್ಟಿ, ಉಳಿದದ್ದರಲ್ಲಿ ವಾದ ಮಾಡುವ ಉತ್ಸಾಹ ಮಾತ್ರ ಗಟ್ಟಿ. ಆಯುಷ್ಯವನ್ನೆಲ್ಲ ಮಂಡಿಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುತ್ತ ಕಳೆದೆ. ಎದುರಿಗಿರುವ ಮುಳ್ಳು ನೆಟ್ಟಗೆ ನಿಂತಿದ್ದರೂ ಒಮ್ಮೆ ತಟ್ಟಿ ನೋಡಬೇಕೆನ್ನುವುದು ಆ ಕಸುಬಿನ ಧರ್ಮ. ಅಂಗಡಿಯನ್ನು ಮುಚ್ಚಿದರೂ ತಟ್ಟಿ ನೋಡುವ ಚಾಳಿ ಹೋಗಲಿಲ್ಲ.

ಹೀಗಿರುವಾಗ, ಮೊಬೈಲಿನ ಆಟಗಳಿಂದ ಮಕ್ಕಳು ಕೆಡುತ್ತಾರೆ ಎಂದು ಪತ್ರಿಕೆಗಳೂ ನೆಂಟರೂ ವಾಕಿಂಗಿನ ಗೆಳೆಯರೂ ಒಕ್ಕೊರಲಿನಿಂದ ಹೇಳತೊಡಗಿದಾಗ ನನಗೆ ಸಹಜವಾಗಿಯೇ ಅನುಮಾನ ಬಂತು. ಇಷ್ಟೊಂದು ಜನ ಒಂದೇ ಮಾತನ್ನು ಹೇಳುತ್ತಾರೆಂದರೆ ಯಾರೂ ಪರೀಕ್ಷಿಸಿಲ್ಲವೆಂದೇ ಅರ್ಥ. ಕಡಬದಲ್ಲಿರುವ ನನ್ನ ತಂಗಿಯ ಮೊಮ್ಮಗಳು ಸಿಂಚನಾ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದಳು. ಆಗ ಅವಳಿನ್ನೂ ಹೈಸ್ಕೂಲು. ಅವಳ ಬೆರಳು ಮೊಬೈಲಿನ ಮೇಲೆ ಓಡುತ್ತಿದ್ದುದನ್ನು ಕಂಡು, ಕೆಡುವ ಕ್ರಿಯೆ ಹೇಗೆ ನಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಪಕ್ಕದಲ್ಲಿ ಕುಳಿತೆ. ಪರೀಕ್ಷೆಗೆಂದು ಕುಳಿತವನು ಮೂರು ವರ್ಷದಿಂದ ಪರೀಕ್ಷಿಸುತ್ತಲೇ ಇದ್ದೇನೆ.

ಆಟದ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ನೀವೂ ಶುರು ಮಾಡಬಹುದು, ಆ ಪಾಪ ನನಗೇಕೆ? ಸ್ಥೂಲವಾಗಿ ಹೀಗಿದೆ: ಮೊದಲು ನಿಮಗೊಂದು ಬಯಲು ಕೊಡುತ್ತಾರೆ. ಅಲ್ಲಿ ಹೊಲ ಮಾಡಿ, ಕಣಜ ಕಟ್ಟಿ, ಗೋಡೆ ಎಬ್ಬಿಸಿ, ಸೈನ್ಯವನ್ನು ಸಾಕಬೇಕು. ನೀವು ಮಲಗಿದ್ದರೂ ಹೊಲದಲ್ಲಿ ಧಾನ್ಯ ಬೆಳೆಯುತ್ತಿರುತ್ತದೆ. ನೀವು ಮಲಗಿದ್ದರೂ ಯಾವನೋ ನಿಮ್ಮ ಮೇಲೆ ದಂಡೆತ್ತಿ ಬರುತ್ತಿರುತ್ತಾನೆ. ಬಂದವನು ಕಣಜದಲ್ಲಿದ್ದುದನ್ನು ಬಾಚಿಕೊಂಡು, ಕೋಟೆಯಲ್ಲಿದ್ದ ಸೈನಿಕರನ್ನು ಕೊಂದು ಹೋಗುತ್ತಾನೆ. ಚದುರಂಗದಂತೆ ಚಕ್ಕಳಮಕ್ಕಳ ಹಾಕಿ ಕುಳಿತು ಮುಗಿಸಿ ಏಳುವ ಆಟವಲ್ಲ ಇದು. ಇದಕ್ಕೆ ಮುಗಿತಾಯವೇ ಇಲ್ಲ. ನಾನು ಸೇರುವ ಹೊತ್ತಿಗೇ ಹತ್ತಾರು ವರ್ಷದಿಂದ ನಡೆಯುತ್ತಿತ್ತು. ಒಬ್ಬಂಟಿಯಾಗಿ ಬದುಕುವುದು ಅಸಾಧ್ಯವಾದ್ದರಿಂದ ಎಲ್ಲರೂ ಒಂದೊಂದು ಕೂಟವನ್ನು ಸೇರುತ್ತಾರೆ. ನಮ್ಮದು ತುಮಕೂರು, ಗುಬ್ಬಿ, ಕುಣಿಗಲ್ಲಿನವರದ್ದೇ ಒಂದು ಕೂಟ. ಕುಣಿಗಲ್ಲಿನಲ್ಲಿ ಪೇಂಟಿನ ಅಂಗಡಿ ಇಟ್ಟಿರುವ ರುದ್ರೇಶ ಅದರ ಮುಖಂಡ. ಕಾಲೇಜಿನ ದಿನಗಳಲ್ಲಿ ಆಟಕ್ಕೆ ಸೇರಿದವನಿಗೆ ಈಗ ತಲೆ ಬೋಳಾಗಿದೆ.

ಈ ರಾಜ್ಯದ ವಿಚಿತ್ರವೆಂದರೆ ಇಲ್ಲಿ ವಯಸ್ಸನ್ನು ಎಣಿಸುವುದು ಹುಟ್ಟಿದ ದಿನದಿಂದಲ್ಲ, ಸೇರಿದ ದಿನದಿಂದ. ಆರನೆಯ ತರಗತಿಯಲ್ಲೇ ಸೇರಿದ್ದ ಸಿಂಚನಾ ನನಗಿಂತ ಹಿರಿಯಳು. ಕೂಟದ ಸಭೆಗಳಲ್ಲಿ ಅವಳ ಮಾತಾದ ಮೇಲೆ ನನ್ನ ಸರದಿ. ಎಪ್ಪತ್ತು ದಾಟಿದವನನ್ನು ಅಲ್ಲಿ ‘ಕಿರಿಯ ಸದಸ್ಯ’ ಎಂಬ ಪಟ್ಟಿಯಲ್ಲಿ ಹಾಕಿದ್ದರು. ನಾನು ಪ್ರತಿಭಟಿಸಿದೆ. “ಯಜಮಾನ್ರೇ, ರೂಲ್ಸ್ ಅಂದ್ರೆ ರೂಲ್ಸು” ಎಂದ ರುದ್ರೇಶ. ಮನೆಯಲ್ಲಿ ಕಾಲಿಗೆ ಬೀಳುವ ಹುಡುಗಿ ಮೊಬೈಲಿನಲ್ಲಿ, “ತಾತ, ಗೋಡೆ ಆಮೇಲೆ ಎತ್ತರ ಮಾಡಿ, ಮೊದ್ಲು ಕಣಜ ನೋಡಿ” ಎಂದು ಗದರುವಳು. ನಾನು ಗೋಡೆಯನ್ನೇ ಎತ್ತರ ಮಾಡುತ್ತಿದ್ದೆ. ಆ ಗೋಡೆ ನನ್ನ ಹೆಮ್ಮೆ. ನಮ್ಮ ಕೂಟದಲ್ಲಿ ಅಷ್ಟೆತ್ತರದ ಗೋಡೆ ಇನ್ನೊಂದಿಲ್ಲ. ಅದರ ಹಿಂದೆ ಅಡಗಿಸಿಟ್ಟುಕೊಳ್ಳುವಂಥದ್ದು ಏನಿದೆ ಎಂದು ಸಿಂಚನಾ ಕೇಳುತ್ತಿದ್ದಳು. ಅಂಥ ಪ್ರಶ್ನೆಗಳಿಗೆ ಹಿರಿಯರು ಉತ್ತರ ಕೊಡುವುದಿಲ್ಲ.

ಇಷ್ಟರಲ್ಲಿ ನನ್ನ ಎರಡು ಕಣ್ಣಿಗೂ ಪೊರೆ ಬಂತು. ಎಡಗಣ್ಣಿನದು ಬಲಿತು ಎದುರಿಗಿದ್ದವರೆಲ್ಲ ಮಂಜಿನಲ್ಲಿ ನಿಂತಂತೆ ಕಾಣುತ್ತಿತ್ತು. ಬಲಗಣ್ಣಿನ ಸ್ಥಿತಿ ಸ್ವಲ್ಪ ವಾಸಿ, ಆದರೂ ಅಕ್ಷರ ಓದಲು ಬಾರದು. ಆಸ್ಪತ್ರೆಯಲ್ಲಿ ಮೊದಲು ಎಡಗಣ್ಣಿಗೆ ಆಪರೇಷನ್ ಎಂದು ದಿನ ಗೊತ್ತುಮಾಡಿದರು. ನನಗೆ ಆಪರೇಷನ್ನಿನ ಭಯವಿರಲಿಲ್ಲ. ಇದ್ದ ಚಿಂತೆಯೆಲ್ಲ ಕೋಟೆಯದು. ಅಷ್ಟು ದಿನ ಅದನ್ನು ನೋಡಿಕೊಳ್ಳುವವರು ಯಾರು? ಆಟದಲ್ಲಿ ಇದಕ್ಕೊಂದು ಏರ್ಪಾಟಿದೆ. ಬೇರೊಬ್ಬ ಸದಸ್ಯನನ್ನು ಕಾವಲಿಗೆ ನೇಮಿಸಿದರೆ ಅವನು ತನ್ನ ಮೊಬೈಲಿನಿಂದಲೇ ನಿಮ್ಮ ಕೋಟೆಯನ್ನು ನಡೆಸಬಹುದು. ನಾನು ಸಿಂಚನಾಳನ್ನು ನೇಮಿಸುವುದೆಂದು ಕೇಳಿ ರುದ್ರೇಶ ಫೋನಿನಲ್ಲೇ ಹೌಹಾರಿದ.

“ಬ್ಯಾಡಿ ಯಜಮಾನ್ರೇ. ಈಗಿನ್ ಮಕ್ಳಿಗೆ ತಾಳ್ಮೆ ಅನ್ನೋದೇ ಇಲ್ಲ. ದೀಪಾವಳಿ ಪಟಾಕಿ ಥರ ಇರೋ ಬರೋ ಸೈನ್ಯನೆಲ್ಲ ಒಂದೇ ಸಲ ಹಚ್ಚಿ ಢಂ ಅನ್ನಿಸ್ಬುಡ್ತವೆ. ಕಟ್ಟೋದ್ರ ಕಷ್ಟ ಅವಕ್ಕೇನ್ ಗೊತ್ತು? ನಾನೇ ನೋಡ್ಕೊಳ್ತೀನಿ ಬುಡಿ.”

ಅವನು ಹೇಳಿದ್ದು ಕೇಳಿದ ಮಾತು; ಆದ್ದರಿಂದ ನಾನು ಒಪ್ಪಲಿಲ್ಲ. ಸಿಂಚನಾಳಿಗೆ ಫೋನು ಮಾಡಿದೆ. ಗುಬ್ಬಿಯ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಓದುವ ಅವಳು ಆಗ ಬಸ್ಸಿನಲ್ಲಿದ್ದಳು. ಊರಿಗೆ ಹೋಗುವವರು ಪಕ್ಕದ ಮನೆಗೆ ಬೀಗದ ಕೈ ಕೊಡುವಾಗ ಏನೇನು ಹೇಳುತ್ತಾರೋ ಅದನ್ನೆಲ್ಲ ಹೇಳಿದೆ. ಗೋಡೆಯ ಕಡೆ ನಿಗಾ ಇರಲಿ, ಕಣಜ ಭದ್ರ, ಸೈನಿಕರು ಹಸಿದುಕೊಂಡಿರಬಾರದು. ಕೊನೆಗೆ ನಮ್ಮ ಕಡೆಯ ಪದ್ಧತಿಯಂತೆ, “ನಿನ್ನದೇ ಅಂತ ನೋಡ್ಕೊಳವ್ವ” ಎಂದೆ. ಹಸು ಒಪ್ಪಿಸುವಾಗ, ತೋಟ ಒಪ್ಪಿಸುವಾಗ, ಹೆಣ್ಣು ಒಪ್ಪಿಸುವಾಗ ನಾವೆಲ್ಲರೂ ಹೇಳುವ ಮಾತಿದು. ಹೇಳುವವನಿಗೂ ಕೇಳುವವನಿಗೂ ಇದರ ಅರ್ಥ ಗೊತ್ತಿದೆ: ನಿನ್ನದಲ್ಲ, ಮುಟ್ಟಬೇಡ. “ಆಯ್ತು ತಾತ, ನಂದೇ ಅಂತ ನೋಡ್ಕೊಳ್ತೀನಿ” ಎಂದಳು ಸಿಂಚನಾ. ನಾನು ನಿಶ್ಚಿಂತೆಯಿಂದ ಆಪರೇಷನ್ನಿಗೆ ಹೋದೆ.

ಆಪರೇಷನ್ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಹೊರಡುವಾಗ ಡಾಕ್ಟರು ಏನೋ ಸೂಚನೆ ಕೊಟ್ಟರು. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಂಡವಳು ಗೌರಮ್ಮ. ಮನೆಗೆ ಬಂದೊಡನೆ ನನ್ನ ಮೂಗಿನ ಮೇಲೆ ದೊಡ್ಡ ಕಪ್ಪು ಕನ್ನಡಕವನ್ನು ಕೂರಿಸಿ, ಮೊಬೈಲನ್ನು ತನ್ನ ವಶಕ್ಕೆ ತೆಗೆದುಕೊಂಡು, “ಡಾಕ್ಟ್ರು ಹೇಳವ್ರೆ, ಮುಂದಿನ ಸಲ ತೋರಿಸೋವರ್ಗೂ ಫೋನ್ ಮುಟ್ಟಂಗಿಲ್ಲ” ಎಂದಳು. ಹೇಳಿದ್ದು ಡಾಕ್ಟರೋ ಗೌರಮ್ಮನೋ ಎಂಬ ಸಂದೇಹ ನನಗೆ ಆ ಕ್ಷಣವೇ ಬಂತು. ಪರಿಶೀಲಿಸುವ ಉಪಾಯವಿರಲಿಲ್ಲ. ಜೀವಮಾನವೆಲ್ಲ ಕೇಳಿದ್ದನ್ನು ನಂಬದೆ ಬದುಕಿದವನು ಈಗ ಕೇಳಿದ್ದನ್ನು ಬಿಟ್ಟರೆ ಬೇರೇನೂ ಇಲ್ಲದವನಾಗಿ ಕುರ್ಚಿಯಲ್ಲಿ ಕುಳಿತೆ.

ಹೇಳುವವರಿಗೆ ಬರವಿರಲಿಲ್ಲ. ಕಣ್ಣು ನೋಡಿಕೊಂಡು ಹೋಗಲು ನೆಂಟರೂ ನೆರೆಯವರೂ ಒಂದೊಂದು ಬ್ರೆಡ್ಡು, ಒಂದೊಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದರು. ಬಂದವರೆಲ್ಲ ಯಾವ ತರಕಾರಿ ನಂಜು ಎಂದು ತೀರ್ಪು ಕೊಟ್ಟರು. ಒಬ್ಬರು ಬದನೆಕಾಯಿ ನಂಜು ಎಂದರು. ಇನ್ನೊಬ್ಬರು ಬದನೆಕಾಯಿ ಪರವಾಗಿಲ್ಲ, ಕುಂಬಳಕಾಯಿ ವಿಷ ಎಂದರು. ಮೂರನೆಯವರು ಅವರೆಕಾಳಿನ ಹೆಸರೆತ್ತಿದಾಗ ನಾನು, ಅವರೆಕಾಳು ತಿಂದು ಕಣ್ಣು ಹೋದವರನ್ನು ತಾವು ಸ್ವತಃ ಕಂಡಿದ್ದೀರಾ ಎಂದು ಕೇಳಿದೆ. “ಕಂಡೋರು ಹೇಳಿದ್ದನ್ನ ಕೇಳಿದ್ದೀನಿ” ಎಂದರು. ಗೌರಮ್ಮ ಯಾರ ಮನಸ್ಸನ್ನೂ ನೋಯಿಸುವವಳಲ್ಲ. ಎಲ್ಲರ ನಂಜನ್ನೂ ಕೂಡಿಸಿಕೊಂಡು ನನಗೆ ಅನ್ನ, ತಿಳಿಸಾರು ಮಾತ್ರ ಉಳಿಸಿದಳು. ನಾನು ತಿಳಿಸಾರನ್ನು ಸುರಿದುಕೊಂಡು ನನ್ನ ಗೋಡೆಯನ್ನು ನೆನೆಯುತ್ತಿದ್ದೆ.

ಸಿಂಚನಾಳಿಗೆ ಫೋನು ಮಾಡಿ ಕೇಳಬಹುದಿತ್ತಲ್ಲ ಎನ್ನುವಿರಿ. ಒಪ್ಪಿಸಿದ ಮೇಲೆ ವಿಚಾರಿಸುವುದು ಮರ್ಯಾದೆಯಲ್ಲ. ಹಾಗೆಂದು ಗಟ್ಟಿಯಾಗಿ ನಂಬಿ, ರುದ್ರೇಶನಿಗೆ ಫೋನು ಮಾಡಿಸಿದೆ. ಅವನು ನನ್ನ ಕರೆಗೇ ಕಾಯುತ್ತಿದ್ದವನಂತೆ ಎತ್ತಿದ.

“ಯಜಮಾನ್ರೇ, ಕಣ್ಣು ಹೆಂಗದೆ? ಇರ್ಲಿ, ಇರ್ಲಿ. ನಾನ್ ಹೇಳ್ಬಾರ್ದು ಅನ್ಕಂಡಿದ್ದೆ. ನಿಮ್ಮ ಕೋಟೆ ಖಾಲಿ ಕಣ್ರಿ!”

“ಖಾಲಿ ಎಂದರೆ?”

“ಖಾಲಿ ಅಂದ್ರೆ ಖಾಲಿ. ಸೈನ್ಯ ಇಲ್ಲ. ಕಣಜದಾಗೆ ಕಾಳಿಲ್ಲ. ಆಚೆ ಕೂಟದೋರು ದೊಡ್ಡ ದಂಡು ಕಟ್ಕಂಡು ನಿಮ್ ಕಡೆಗೇ ಬರ್ತಾವ್ರೆ, ನಾಳೆ ಮಧ್ಯಾಹ್ನಕ್ಕೆ ಮುಟ್ಟುತ್ತೆ. ಇಂಥ ಟೈಮ್ನಾಗೆ ಆ ಹುಡ್ಗಿ ಎಲ್ಲಾ ಎತ್ತಿ ಯಾರ್ ಯಾರಿಗೋ ಹಂಚ್‌ಬುಟ್ಟವ್ಳೆ. ನಾನ್ ಅವತ್ತೇ ಬಡ್ಕಂಡೆ.”

ನಾನು ಅವನ ಮಾತನ್ನು ನಂಬಲಿಲ್ಲ. ಆದರೆ ನಂಬದಿರುವುದಕ್ಕೂ ಆಧಾರ ಬೇಕಲ್ಲ. ಗೌರಮ್ಮನನ್ನು ಅಂಗಲಾಚಿದೆ. ನಾನು ಮೊಬೈಲನ್ನು ಮುಟ್ಟುವುದಿಲ್ಲ, ನೀನೇ ತೆರೆದು ಅಲ್ಲಿ ಕಾಣುವುದನ್ನು ಓದಿ ಹೇಳು ಎಂದೆ. ಅವಳು ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದಳು.

“ಏನೋ ಕೆಂಪಗೆ ಮಿಣಮಿಣ ಅಂತೈತೆ.”

“ಕೆಂಪಗೇ? ಎಲ್ಲಿ? ಗೋಡೆಯ ಹತ್ತಿರವೋ?”

“ಮ್ಯಾಲ್ಗಡೆ ಮೂಲೇಲಿ. ಅಯ್ಯೋ, ಇಲ್ನೋಡ್ರೀ, ಒಂದು ಕೋಳಿ ಓಡಾಡ್ತಾ ಐತೆ! ಎಷ್ಟ್ ಚೆನ್ನಾಗೈತೆ. ಮರಿನೂ ಅವೆ.”

“ಕೋಳಿಯನ್ನು ಬಿಡು. ಸೈನಿಕರ ಚಿತ್ರದ ಕೆಳಗೆ ಎಷ್ಟಿದೆ ನೋಡು.”

“ಸೊನ್ನೆ.”

“ಸೊನ್ನೆಯ ಹಿಂದೆ ಏನಿದೆ?”

“ಏನೂ ಇಲ್ಲ. ಬರೀ ಸೊನ್ನೆ. ದುಂಡಗೈತೆ.”

“ಕಣಜದಲ್ಲಿ?”

“ಅಲ್ಲೂ ಅಂಥದೇ ಒಂದೈತೆ” ಎಂದಳು ಗೌರಮ್ಮ, ಜೋಡಿ ಸಿಕ್ಕಿತೆಂಬ ಸಂತೋಷದಿಂದ.

ಮೂರು ವರ್ಷ ಕೂಡಿಸಿದ ಧಾನ್ಯ, ಒಬ್ಬೊಬ್ಬನನ್ನೇ ಸಾಕಿದ ಸೈನ್ಯ. ಈಗ ಮರ್ಯಾದೆಯ ಮಾತನ್ನು ಬದಿಗಿಟ್ಟು ಸಿಂಚನಾಳಿಗೆ ಫೋನು ಮಾಡಿಸಿದೆ. ಸ್ವಿಚ್ ಆಫ್. ಕಡಬದ ಮನೆಗೆ ಮಾಡಿಸಿದೆ; ನನ್ನ ತಂಗಿ ಎತ್ತಿ, “ಅವಳಿಗೆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಅಂತೆ ಕಣಣ್ಣ. ನಿನ್ ಕಣ್ಣು ಹೆಂಗೈತೆ? ಬದ್ನೆಕಾಯಿ ಗಿದ್ನೆಕಾಯಿ ತಿಂದೀಯ!” ಎಂದಳು. ನಿನ್ನ ಮೊಮ್ಮಗಳು ನನ್ನ ಕಣಜವನ್ನು ಹಾಳು ಮಾಡಿದಳು ಎಂದು ಅವಳಿಗೆ ಹೇಳುವುದಾದರೂ ಹೇಗೆ? ಅವಳ ಲೆಕ್ಕದಲ್ಲಿ ನಾನು ಮೊಬೈಲಿನಲ್ಲಿ ಭಗವದ್ಗೀತೆ ಕೇಳುತ್ತಿರುತ್ತೇನೆ.

ಆಗ ನನಗೆ ಬಂದ ಕೋಪ ಸಾಮಾನ್ಯದ್ದಲ್ಲ. ತಕ್ಕಡಿಯ ಕಸುಬಿನವನಿಗೆ ವಿಶ್ವಾಸದ್ರೋಹಕ್ಕಿಂತ ದೊಡ್ಡ ಅಪರಾಧವಿಲ್ಲ. ನಮ್ಮ ಕೂಟದಲ್ಲಿ ಒಂದು ಕಟ್ಟಳೆಯಿದೆ. ಕಾವಲಿಗೆ ನಿಂತವರ ಮೇಲೆ ಕೋಟೆಯ ಒಡೆಯನೇ ದೂರು ಕೊಟ್ಟರೆ ವಿಚಾರಣೆಯಿಲ್ಲ. ಅಂಥವರನ್ನು ಅಂದೇ ಹೊರಗೆ ಹಾಕುತ್ತಾರೆ, ಮತ್ತೆ ಸೇರಿಸಿಕೊಳ್ಳುವುದಿಲ್ಲ. ಕೂಟದಿಂದ ಹೊರಬಿದ್ದವರ ಕೋಟೆ ನಾಲ್ಕು ದಿನ ಉಳಿಯುವುದಿಲ್ಲ. ಸಿಂಚನಾ ಕಟ್ಟಿದ್ದು ನನ್ನದಕ್ಕಿಂತ ಹಳೆಯ ಕೋಟೆ, ಹೋದರೆ ಎಲ್ಲವೂ ಹೋದಂತೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಗೌರಮ್ಮನಿಗೆ, ಕೂಟದ ಮಂದಿಯೆಲ್ಲ ಇರುವ ಗ್ರೂಪಿಗೆ ಒಂದು ಸಂದೇಶ ಕಳಿಸಬೇಕು, ನಾನು ಹೇಳಿದಂತೆ ಬರೆ ಎಂದೆ. ಎದ್ದು ನಿಂತು ಹೇಳಿದೆ. ಅಂಥದ್ದನ್ನು ಕುಳಿತು ಹೇಳಬಾರದು.

“ಮಾನ್ಯ ಕೂಟದ ಸಮಸ್ತ ಸದಸ್ಯರ ಸನ್ನಿಧಾನಕ್ಕೆ. ನನ್ನ ದೃಷ್ಟಿದೌರ್ಬಲ್ಯದ ಈ ಕಾಲದಲ್ಲಿ, ನಂಬಿ ಒಪ್ಪಿಸಿದ ಕೋಟೆಯನ್ನು ಬರಿದುಗೊಳಿಸಿ ಘೋರ ವಿಶ್ವಾಸದ್ರೋಹವನ್ನು ಎಸಗಿರುವ ಸಿಂಚನಾ ಎಂಬ ಸದಸ್ಯೆಯನ್ನು ಈ ಕೂಡಲೇ ಕೂಟದಿಂದ ಉಚ್ಚಾಟಿಸತಕ್ಕದ್ದೆಂದು ಈ ಮೂಲಕ ಆಗ್ರಹಿಸುತ್ತೇನೆ.”

“ಬರೆದೆಯಾ?” ಎಂದೆ.

“ಊಂ” ಎಂದಳು.

“ಕಳಿಸಿದೆಯಾ?”

“ಊಂ, ಹೋಯ್ತು. ನೀವ್ ಕೂತ್ಕಳಿ, ಹನಿ ಹಾಕೋ ಹೊತ್ತಾಯ್ತು.”

ಕಣ್ಣಿಗೆ ಹನಿ ಬಿತ್ತು. ಹನಿ ಬಿದ್ದ ಮೇಲೆ ಕೋಪ ಸ್ವಲ್ಪ ಇಳಿಯಿತು. ಇಳಿದ ಮೇಲೆ, ಆರನೆಯ ತರಗತಿಯ ಹುಡುಗಿಯೊಬ್ಬಳು ಎರಡು ಜಡೆ ಹಾಕಿಕೊಂಡು ಗೋಡೆ ಕಟ್ಟುತ್ತ ಕುಳಿತ ಚಿತ್ರ ಕಪ್ಪು ಕನ್ನಡಕದೊಳಗೆ ಬೇಡವೆಂದರೂ ಕಾಣತೊಡಗಿತು. ಆದರೆ ಹಟವೂ ಒಂದಿದೆಯಲ್ಲ. ಕಳಿಸಿದ್ದು ಕಳಿಸಿಯಾಯಿತು ಎಂದು ಗೋಡೆಯ ಕಡೆ ತಿರುಗಿ ಮಲಗಿದೆ.

ಮರುದಿನ ಸಂಜೆ ಕಣ್ಣು ತೋರಿಸುವ ದಿನ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಕಣ್ಣು ಬಹಳ ಚೆನ್ನಾಗಿ ಕೂಡಿಕೊಂಡಿದೆ ಎಂದರು. ಮೊಬೈಲನ್ನು ಯಾವಾಗಿನಿಂದ ನೋಡಬಹುದು ಎಂದು ನಾನು ಅತ್ಯಂತ ನಿರ್ಲಿಪ್ತನಂತೆ ಕೇಳಿದೆ.

“ಯಾರು ಬೇಡ ಅಂದ್ರು? ಉಜ್ಜಬೇಡಿ, ನೀರು ಬೀಳಿಸ್ಕೋಬೇಡಿ ಅಂದೆ ಅಷ್ಟೆ. ಸ್ವಲ್ಪ ಹೊತ್ತು ನೋಡಿದ್ರೆ ಏನಾಗುತ್ತೆ?” ಎಂದರು ಡಾಕ್ಟರು.

ನಾನು ಗೌರಮ್ಮನ ಕಡೆ ತಿರುಗಿದೆ. ಅವಳು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರವನ್ನು ಗಾಢವಾದ ಆಸಕ್ತಿಯಿಂದ ನೋಡುತ್ತಿದ್ದಳು.

ಹೊರಗಿನ ಬೆಂಚಿನ ಮೇಲೆ ಕುಳಿತು ಮೊಬೈಲನ್ನು ಕೈಗೆ ತೆಗೆದುಕೊಂಡೆ. ಮೊದಲ ಆಶ್ಚರ್ಯ ಬಣ್ಣಗಳದ್ದು. ನನ್ನ ಕೋಟೆಯ ಗೋಡೆ ಕಂದುಬಣ್ಣದ್ದೆಂದು ಈವರೆಗೆ ನಂಬಿದ್ದೆ, ಅದು ಎಳನೀಲಿ. ಎರಡನೆಯದು, ಕೋಟೆ ಇತ್ತು. ಒಂದು ಕಲ್ಲೂ ಅಲುಗಿರಲಿಲ್ಲ. ಸೈನಿಕರ ಚಿತ್ರದ ಕೆಳಗೆ ಸೊನ್ನೆಯಿರಲಿಲ್ಲ, ನನ್ನ ಸೈನ್ಯ ಪೂರ್ತಿಯಾಗಿ ನಿಂತಿತ್ತು. ಕಣಜ ಕಂಠಮಟ್ಟ ತುಂಬಿತ್ತು. ತಟ್ಟಿ ನೋಡುವ ಚಾಳಿಯಂತೆ ಮುಚ್ಚಿ ಮತ್ತೆ ತೆರೆದೆ. ಆಗಲೂ ತುಂಬಿಯೇ ಇತ್ತು. ಯುದ್ಧದ ವರದಿಯನ್ನು ತೆರೆದರೆ ಹೀಗಿತ್ತು: ಶತ್ರುವಿನ ಮಹಾಸೈನ್ಯ ಮಧ್ಯಾಹ್ನ ಬಂತು, ಕೊಲ್ಲಲು ಯಾರೂ ಸಿಗಲಿಲ್ಲ, ದೋಚಲು ಏನೂ ಸಿಗಲಿಲ್ಲ, ಬರಿಗೈಯಲ್ಲಿ ಮರಳಿತು.

ಸಿಂಚನಾಳಿಗೆ ಫೋನು ಮಾಡಿದೆ. ಈ ಸಲ ಮೊದಲ ಗಂಟೆಗೇ ಎತ್ತಿದಳು.

“ತಾತ! ಕಣ್ಣು ಬಂತಾ? ಕೋಟೆ ನೋಡಿದ್ರಾ?”

“ನೋಡಿದೆ. ನಿನ್ನೆ ಎಲ್ಲ ಎಲ್ಲಿ ಹೋಗಿತ್ತು?”

“ಸೈನ್ಯನ ಸುಮ್ನೆ ದೂರದ ಕಾಡಿಗೆ ವಾಕಿಂಗ್ ಕಳಿಸಿದ್ದೆ. ಅವ್ರು ಬಂದ್ ಹೋದ್ಮೇಲೆ ವಾಪಸ್ ಕರ್ಕೊಂಡೆ. ಅಷ್ಟು ದೊಡ್ಡ ದಂಡಿನ ಮುಂದೆ ನಿಮ್ ಗೋಡೆ ಏನ್ ತಾತ ತಡೆಯುತ್ತೆ? ಕಾಂಪೌಂಡು ಥರ ಇದೆ.”

“ಧಾನ್ಯ?”

“ಹೊಸಬ್ರ ಹತ್ರ ಇಟ್ಟಿದ್ದೆ.”

ಇಲ್ಲಿ ಒಂದು ವಿವರಣೆ ಬೇಕು. ಆಟಕ್ಕೆ ಹೊಸದಾಗಿ ಸೇರಿದವರ ಮೇಲೆ ಕೆಲವು ವಾರ ಯಾರೂ ದಾಳಿ ಮಾಡುವಂತಿಲ್ಲ. ಎಳೆಯರನ್ನು ಮುಟ್ಟಬಾರದೆಂಬುದು ಆಟದ ನಿಯಮ. ನಮ್ಮ ಕೂಟದಲ್ಲಿ ಅಂಥ ಹೈಸ್ಕೂಲಿನ ಮಕ್ಕಳು ಆರೇಳು ಮಂದಿ ಈಚೆಗೆ ಸೇರಿದ್ದರು. ಹಿರಿಯರಾದ ನಾವು ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಿಂಚನಾ ನನ್ನ ಕಣಜವನ್ನು ಬಗೆದು ಆ ಮಕ್ಕಳ ಪುಟ್ಟ ಪುಟ್ಟ ಗುಡಿಸಲುಗಳಲ್ಲಿ ಹಂಚಿಟ್ಟು, ಶತ್ರು ಹೋದ ಮೇಲೆ ವಾಪಸು ತರಿಸಿದ್ದಳು. ನಮ್ಮಜ್ಜಿಯ ಕಾಲದಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿ ಮೇಲೆ ಸಗಣಿ ಸಾರಿಸಿ, ಬಂದವರಿಗೆ ಮನೆಯೊಳಗಿನ ಕಾಳು ತುಂಬುವ ವಾಡೆಯನ್ನು ಖಾಲಿಯಾಗಿ ತೋರಿಸುತ್ತಿದ್ದರು. ಈ ವಿದ್ಯೆಗೆ ನಾನೇ ವಾರಸುದಾರನಾಗಿರಬೇಕಿತ್ತು. ನಾನು ಗೋಡೆ ಕಟ್ಟಿಕೊಂಡು ಕುಳಿತಿದ್ದೆ.

“ಆ ಮಕ್ಕಳು ಎಲ್ಲವನ್ನೂ ಹಿಂದಕ್ಕೆ ಕೊಟ್ಟವೇ?” ಎಂದೆ.

“ಒಂದು ಕಾಳೂ ಬಿಡ್ಲಿಲ್ಲ ತಾತ. ಯಡಿಯೂರಿನ ಹುಡುಗ ಒಬ್ಬ ಲೆಕ್ಕ ತಪ್ಪಿ ಅವ್ನ್ದೂ ಸೇರಿಸಿ ಕಳಿಸ್ಬಿಟ್ಟಿದ್ದ. ವಾಪಸ್ ಕೊಟ್ಟೆ.”

“ರುದ್ರೇಶನಿಗಾದರೂ ಒಂದು ಮಾತು ಹೇಳಬಾರದಿತ್ತೇ?”

“ರುದ್ರೇಶಣ್ಣಂಗೆ ಹೇಳಿದ್ರೆ ಪೇಂಟ್ ತಗೊಳಕ್ ಬಂದವ್ರಿಗೆಲ್ಲ ಗೊತ್ತಾಗ್ತಿತ್ತು.”

“ನನಗೆ?”

“ನಿಮ್ಗ್ಯಾಕೆ ತಾತ? ನಂದೇ ಅಂತ ನೋಡ್ಕೋ ಅಂದ್ರಲ್ಲ. ನಂದಾಗಿದ್ರೆ ನಾನ್ ಏನ್ ಮಾಡ್ತಿದ್ನೋ ಅದನ್ನೇ ಮಾಡ್ದೆ.”

ನಮ್ಮ ಕಡೆ ಯಾರೂ ಆ ಮಾತನ್ನು ಹೀಗೆ ಅಕ್ಷರಶಃ ಪಾಲಿಸಿದ ಉದಾಹರಣೆ ನನಗೆ ತಿಳಿದಂತೆ ಇಲ್ಲ. ಸಂತೋಷದಿಂದ ಅವಳನ್ನು ಹೊಗಳಲು ಹೊರಟಿದ್ದಾಗಲೇ ಅವಳು, “ನಿನ್ನೆ ಅಜ್ಜಿ ಕಳಿಸಿದ ಮೆಸೇಜ್ ನೋಡಿ ಗ್ರೂಪಲ್ಲಿ ಎಲ್ರೂ ನಕ್ಕಿದ್ದೇ ನಕ್ಕಿದ್ದು ತಾತ” ಎಂದಳು.

ಉಚ್ಚಾಟನೆ! ಸಂತೋಷದಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಈ ಹುಡುಗಿ ಅದನ್ನು ಓದಿ ನಗುತ್ತಿದ್ದಾಳೆಂದರೆ ಅವಳ ಮನಸ್ಸು ಎಷ್ಟು ನೊಂದಿರಬೇಕು! ಆಮೇಲೆ ಮಾಡುತ್ತೇನೆ ಎಂದು ತೊದಲಿ ಫೋನಿಟ್ಟು, ಗ್ರೂಪನ್ನು ತೆರೆದೆ. ಹೊಸ ಕಣ್ಣಾದರೂ ಮಂಜು ಮಂಜಾಯಿತು. ಬೆರಳಿನಿಂದ ಹಿಂದಕ್ಕೆ ಹಿಂದಕ್ಕೆ ತಳ್ಳಿದೆ. ನನ್ನ ಹೆಸರಿನಲ್ಲಿ, ಹಿಂದಿನ ದಿನ ಹನಿ ಹಾಕಿಸಿಕೊಂಡ ಹೊತ್ತಿಗೆ ಸರಿಯಾಗಿ, ಹೋಗಿದ್ದ ಸಂದೇಶ ಇಷ್ಟು:

“ಎಲ್ಲರೂ ಊಟ ಮಾಡಿದ್ರಾ. ತಾತನ ಕಣ್ಣು ಚೆನ್ನಾಗಿದೆ. ಸಿಂಚನ ಮಗಾ ಓದ್ಕೊ.”

ಅದರ ಕೆಳಗೆ, ಶತ್ರುಸೈನ್ಯ ಬಾಗಿಲಿಗೆ ಬರುತ್ತಿದ್ದ ಆ ಸಂದಿಗ್ಧ ಕಾಲದಲ್ಲಿ, ನಮ್ಮ ಕೂಟದ ವೀರರೆಲ್ಲ ತಮ್ಮ ತಮ್ಮ ಊಟದ ವರದಿಯನ್ನು ಒಪ್ಪಿಸಿದ್ದರು. ಒಬ್ಬನದು ಮುದ್ದೆ, ಉಪ್ಪುಸಾರು. ಒಬ್ಬಳದು ಚಿತ್ರಾನ್ನ. ಹಾಸ್ಟೆಲಿನಲ್ಲಿದ್ದವನೊಬ್ಬ, ಸಾರು ನೀರಾಗಿದೆ ಅಜ್ಜಿ ಎಂದು ದುಃಖ ತೋಡಿಕೊಂಡಿದ್ದ. ಸದಾ ದಂಡಯಾತ್ರೆಯ ಭಾಷೆಯಲ್ಲೇ ಮಾತಾಡುವ ರುದ್ರೇಶನೂ ‘ಅಂಗಡೀಲಿ ಗಿರಾಕಿ, ಇನ್ನೂ ಇಲ್ಲ ಅಜ್ಜಿ’ ಎಂದು ಬರೆದಿದ್ದ. ಕೊನೆಯಲ್ಲಿ ಸಿಂಚನಾ: ‘ಆಯ್ತು ಅಜ್ಜಿ. ಓದ್ಕೊತಿದೀನಿ.’

ಎದೆಯ ಮೇಲಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿ ಕೆಳಗಿಟ್ಟಂತಾಯಿತು. ಬೆಂಚಿಗೆ ಒರಗಿದೆ. ಗೌರಮ್ಮ ಪಕ್ಕದಲ್ಲಿ ಹನಿಯ ಸೀಸೆಯನ್ನು ಅಲ್ಲಾಡಿಸುತ್ತಿದ್ದಳು.

“ನಾನು ಹೇಳಿದ್ದೇನು, ನೀನು ಬರೆದದ್ದೇನು?”

“ನೀವು ಹೇಳ್ದಂಗೆಲ್ಲ ಬರ್ಯಕ್ಕಾಗುತ್ತಾ? ಅಷ್ಟುದ್ದ. ಒಲೆ ಮ್ಯಾಲೆ ಹಾಲಿತ್ತು.”

“ಅದಕ್ಕೇ ಸಂಕ್ಷೇಪಿಸಿದೆಯೋ?”

“ಮತ್ತೆ? ಅಷ್ಟೂ ಜನಕ್ಕೆ ಮೊದಲ್ನೇ ಸಲ ಬರೀತಿರೋದು. ಊಟ ಆಯ್ತಾ ಅಂತ ಕೇಳ್ದೆ ಜಗಳದ ಮಾತೆತ್ತಕ್ಕಾಗುತ್ತೇನ್ರೀ? ಅಷ್ಟರಾಗೆ ಹಾಲು ಉಕ್ತು. ಬಿಟ್ಟೆ. ತಲೆ ಎತ್ತಿ, ಹನಿ ಹಾಕ್ತೀನಿ.”

ತಲೆಯನ್ನೆತ್ತಿದೆ. ಆ ಹನಿ ಎಂದಿಗಿಂತ ತಂಪಾಗಿತ್ತು.

ಇದೆಲ್ಲ ಮುಗಿದು ಈಗ ಸಿಂಚನಾಳ ವಾರ್ಷಿಕ ಪರೀಕ್ಷೆ ಹತ್ತಿರ ಬಂದಿದೆ. ಪರೀಕ್ಷೆ ಮುಗಿಯುವವರೆಗೆ ಮೊಬೈಲನ್ನು ಮುಟ್ಟುವುದಿಲ್ಲವೆಂದು ತಾನಾಗಿಯೇ ಹೇಳಿದ್ದಾಳೆ. ಆಟದಿಂದ ಕೆಡುವುದನ್ನು ಕಾಯುತ್ತಿದ್ದವರು ಇನ್ನೂ ಸ್ವಲ್ಪ ಕಾಯಬೇಕು. ಅವಳ ಕೋಟೆಗೆ ಒಬ್ಬ ಕಾವಲು ಬೇಕಿತ್ತು. ಋಣ ತೀರಿಸುವ ಸಂದರ್ಭ ಬಂತೆಂದು ನಾನು ಕನ್ನಡಕವನ್ನು ಒರೆಸಿಕೊಂಡು ಸಿದ್ಧನಾದೆ. ಫೋನು ಬಂತು. “ತಾತ, ಅಜ್ಜಿಗೆ ಕೊಡಿ” ಎಂದಳು. ಅಜ್ಜಿಯ ಹೆಸರಿನಲ್ಲಿ ಹೊಸದಾಗಿ ಒಂದು ಬಯಲು ತೆಗೆಸಿ, ತನ್ನ ಧಾನ್ಯವನ್ನೆಲ್ಲ ಅಲ್ಲಿಗೆ ಸಾಗಿಸಿ, ಸೈನ್ಯವನ್ನು ಕಾಡಿಗೆ ಕಳಿಸಿ, ಕಾವಲನ್ನೂ ಅಜ್ಜಿಗೇ ಒಪ್ಪಿಸಿದಳು. ಹೊಸಬಳಾದ್ದರಿಂದ ಗೌರಮ್ಮನ ಮೇಲೆ ಯಾರೂ ದಂಡೆತ್ತುವಂತಿಲ್ಲ. ಕಾವಲಿಗೆ ಬೇಕಾದ ಇನ್ನೊಂದು ಗುಣವೂ ಅವಳಲ್ಲಿದೆ ಎಂದು ಸಿಂಚನಾ ಹೇಳಿದಳಂತೆ: ಅಜ್ಜಿ ಏನನ್ನೂ ಒತ್ತುವುದಿಲ್ಲ. ಹೀಗಾಗಿ ನಮ್ಮ ಕೂಟದ ಅತ್ಯಂತ ಕಿರಿಯ ಆಟಗಾರ್ತಿಗೆ ಈಗ ಅರವತ್ತೆಂಟು ವರ್ಷ. ದಿನಕ್ಕೊಮ್ಮೆ ತೆರೆದು ಕೋಳಿಮರಿಗಳನ್ನು ನೋಡಿ,  ಕೂಟದವರ ಊಟವಾಯಿತೇ ಎಂದು ವಿಚಾರಿಸಿ, ಮುಚ್ಚಿಡುತ್ತಾಳೆ.

ತೊಡಕಾದದ್ದು ನನಗೆ. ಬಲಗಣ್ಣಿನ ಆಪರೇಷನ್ನಿಗೆ ಡಾಕ್ಟರು ಗೊತ್ತು ಮಾಡಿದ ದಿನ ಪರೀಕ್ಷೆಯ ನಟ್ಟನಡುವೆ ಬಂತು. ಡಾಕ್ಟರು ಏನೇ ಹೇಳಲಿ, ಆಪರೇಷನ್ ಆದೊಡನೆ ಮೊಬೈಲು ಮತ್ತೆ ಗೌರಮ್ಮನ ವಶಕ್ಕೆ ಹೋಗುವುದು ಖಂಡಿತ. ನನ್ನ ಕೋಟೆಯನ್ನೂ ಸ್ವಲ್ಪ ನೋಡಿಕೋ ಎಂದು ಗೌರಮ್ಮನನ್ನು ಕೇಳಿದೆ. ಒಬ್ಬರು ಒಂದೇ ಕೋಟೆಗೆ ಕಾವಲಿರಬೇಕೆಂಬ ನಿಯಮವಿದೆಯಂತೆ. ನನಗೇ ಗೊತ್ತಿರದ ನಿಯಮವನ್ನು ಅವಳು ರುದ್ರೇಶನಿಂದ ಕೇಳಿ ತಿಳಿದುಕೊಂಡಿದ್ದಳು. ರುದ್ರೇಶನಿಗೆ ಒಪ್ಪಿಸಿದರೆ ಪೇಂಟಿನ ಗಿರಾಕಿಗಳಿಗೆಲ್ಲ ಒಪ್ಪಿಸಿದಂತೆ. ಬೇರೆ ದಾರಿ ಕಾಣದೆ ಆಸ್ಪತ್ರೆಗೆ ಹೋಗಿ, ಆಪರೇಷನ್ನನ್ನು ತಿಂಗಳ ಮಟ್ಟಿಗೆ ಮುಂದಕ್ಕೆ ಹಾಕಿ ಎಂದೆ. ಡಾಕ್ಟರು ಕಾರಣ ಕೇಳಿದರು. ಮೊಮ್ಮಗಳಿಗೆ ಪಿಯುಸಿ ಪರೀಕ್ಷೆ ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ. ಡಾಕ್ಟರು ಒಂದು ಕ್ಷಣ ನನ್ನನ್ನೇ ನೋಡಿ, ಪಕ್ಕದಲ್ಲಿದ್ದ ನರ್ಸಿಗೆ, “ನೋಡಮ್ಮ, ಹುಡುಗೀರ ಓದಿಗೋಸ್ಕರ ತಮ್ಮ ಕಣ್ಣನ್ನೇ ಮುಂದಕ್ಕೆ ಹಾಕೋ ಇಂಥ ಹಿರಿಯರು ಈಗ ಎಲ್ಲಿದ್ದಾರೆ?” ಎಂದರು. ನರ್ಸು ನನಗೆ ಕೈ ಮುಗಿದಳು. ಅವರಿಬ್ಬರೂ ಇದನ್ನು ಇನ್ನೂ ನಾಲ್ಕು ಜನಕ್ಕೆ ಹೇಳುತ್ತಾರೆ, ಆ ನಾಲ್ವರು ನಂಬುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ತಿದ್ದಬೇಕೆಂದು ಬಾಯಿ ತೆರೆದೆ. ಆಮೇಲೆ ಯೋಚಿಸಿ, ನಾನೂ ಕೈ ಮುಗಿದು ಹೊರಗೆ ಬಂದೆ.